ಮೈಕು ಅದೇ ಇದೆ, ಕಳೆ ಯಾಕೆ ಇಳಿಯಿತು?

ಉಗಾರ ಖುರ್ದ: ಕಬ್ಬಿನ ಹಂಗಾಮು ಮುಗಿದು ಕಾರ್ಖಾನೆಯ ಚಿಮಣಿ ತಣ್ಣಗಾಗುವ ಹೊತ್ತಿಗೆ ಐಪಿಎಲ್ಲಿನ ಹಂಗಾಮು ಶುರುವಾಗುತ್ತದೆ. ಚಹಾದಂಗಡಿ, ಕಟಿಂಗ್ ಅಂಗಡಿ, ಪಡಸಾಲೆ ಎಲ್ಲ ಕಡೆ ಟೀವಿಯ ಮುಂದೆ ಜನ. ಆದರೆ ಗಮನಿಸಿದವರಿಗೆ ಒಂದು ಸಂಗತಿ ಗೊತ್ತಿದೆ. ಆಟಕ್ಕೆ ಮುಂಚಿನ ಅರ್ಧ ತಾಸು ಈ ಟೀವಿಗಳಿಗೆ ದನಿಯೇ ಇರುವುದಿಲ್ಲ! ಪರದೆಯ ಮೇಲೆ ಕೋಟು ಹಾಕಿದ ಹಿರಿಯರೊಬ್ಬರು ಕೈ ಆಡಿಸುತ್ತಿರುತ್ತಾರೆ, ನಗುತ್ತಿರುತ್ತಾರೆ. ಇತ್ತ ಜನ ಕಬ್ಬಿನ ಬಿಲ್ಲು, ಮೋಟಾರು, ಹುಡುಗಿಗೆ ಬಂದ ಸಂಬಂಧ ಮಾತಾಡುತ್ತಿರುತ್ತಾರೆ. "ಟಾಸ್ ಆದಮ್ಯಾಲ ದನಿ ಕೊಡೊ ತಮ್ಮಾ" ಎನ್ನುತ್ತಾರೆ ಕಟ್ಟೆಯ ಮೇಲಿನ ಕಾಕಾ.

ಒಂದು ಕಾಲಕ್ಕೆ ಇದೇ ಕಾಕಾ ಆ ಹಿರಿಯರ ಮಾತಿಗೇ ಕಾದು ಕೂತವರು. ಹಾಗಾದರೆ ಆ ನಿರೂಪಕನ ಕಳೆ ಇಳಿಯಿತೇ? ಇಳಿಯಿತು, ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ಇಳಿಸಿದವರು ಯಾರು ಎಂಬುದು ಬೇರೆ ಪ್ರಶ್ನೆ. "ವಯಸ್ಸಾತು, ಮುಖಾ ಹಳೇದಾತು" ಎಂದು ಕೈ ತೊಳೆದುಕೊಳ್ಳುವುದು ಸುಲಭ. ವಯಸ್ಸಿನ ಮಾತು ಅರ್ಧ ಸತ್ಯವೂ ಅಲ್ಲ.

ಹಳೆಯ ಮೋಡಿಯ ಗುಟ್ಟು

1982ರ ದಿಲ್ಲಿ ಏಶಿಯನ್ ಗೇಮ್ಸಿನ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಮರುವರ್ಷ ಕಪಿಲ್‌ದೇವರ ತಂಡ ವಿಶ್ವಕಪ್ ತಂದಿತು. ಊರಿಗೊಂದೋ ಎರಡೋ ಟೀವಿ ಇದ್ದ ಕಾಲ. ಆಗ ಪರದೆಯ ಮೇಲೆ ಆಟದ ಸುದ್ದಿ ಹೇಳಿದವರಲ್ಲಿ ನರೋತ್ತಮ ಪುರಿ ಒಬ್ಬರು. ವೃತ್ತಿಯಿಂದ ಕಿವಿ, ಮೂಗು, ಗಂಟಲಿನ ಡಾಕ್ಟರು. ಡಾಕ್ಟರು ರೋಗಿಗೆ ಹೇಳಿದಂತೆಯೇ ಅವರು ಆಟ ಹೇಳುತ್ತಿದ್ದರು: ಬೇಕಾದಷ್ಟು, ಅವಸರವಿಲ್ಲದೆ, ಹೆದರಿಸದೆ. ಚೆಲುವಿನಿಂದಾಗಲಿ ಚೀರಾಟದಿಂದಾಗಲಿ ಬಂದ ಹೆಸರಲ್ಲ ಅದು. ನೋಡುವವನಿಗೂ ಬುದ್ಧಿ ಇದೆ ಎಂದು ನಂಬಿ ಆಡಿದ ಮಾತಿನಿಂದ ಬಂದದ್ದು.

ಅದೇ ಜಾತಿಯ ಮಾತುಗಾರ ನಮ್ಮ ರಾಜ್ಯದಲ್ಲೇ ಇದ್ದಾರೆ: ಬೆಂಗಳೂರಿನಲ್ಲಿ ನೆಲೆಸಿದ ಚಾರು ಶರ್ಮಾ. ತಿಳಿ ದನಿ, ಅರ್ಧ ನಗು, ತೂಕದ ಮಾತು. 2003ರ ವಿಶ್ವಕಪ್ ಹೊತ್ತಿನಲ್ಲಿ ಸೋನಿಯವರ ಮ್ಯಾಕ್ಸ್ ಚಾನೆಲ್ಲಿನಲ್ಲಿ ಮಂದಿರಾ ಬೇಡಿಯವರ ಜೊತೆ 'ಎಕ್ಸ್‌ಟ್ರಾ ಇನಿಂಗ್ಸ್' ನಡೆಸಿಕೊಟ್ಟವರು ಇವರೇ. ಕ್ರಿಕೆಟ್ಟಿನ ಮಾತಿನ ಕಟ್ಟೆಗೆ ಸಿನಿಮಾದ ಬೆಳಕು ಬಂದದ್ದು ಅಲ್ಲಿಂದ. ಮಂದಿರಾ ಬೇಡಿಯವರ ಉಡುಪಿನ ಬಗ್ಗೆ ಬರೆದವರು ಬಹಳ, ಅವರು ಕೇಳಿದ ಪ್ರಶ್ನೆಗಳ ಬಗ್ಗೆ ಬರೆದವರು ಕಡಿಮೆ. ಅದಿರಲಿ. ಕ್ರಿಕೆಟ್ ನೋಡದಿದ್ದ ಹೆಣ್ಣುಮಕ್ಕಳೂ ಟೀವಿ ಮುಂದೆ ಕುಂತದ್ದು ಸುಳ್ಳಲ್ಲ. ಆದರೆ ಅದೇ ದಿನದಿಂದ ಇನ್ನೊಂದು ಬೀಜವೂ ಮೊಳಕೆಯೊಡೆಯಿತು. ಆಟಕ್ಕಿಂತ ಆಟದ ಸುತ್ತಲಿನ ಗದ್ದಲವೇ ಸರಕು ಎಂಬ ಲೆಕ್ಕ ಚಾನೆಲ್ ಮಾಲೀಕರ ತಲೆಯಲ್ಲಿ ಕುಳಿತಿತು. ಆ ಗದ್ದಲ ಬೆಳೆದಂತೆ ಮೆಲುದನಿಯವರ ಜಾಗ ಸಣ್ಣದಾಯಿತು.

ಶರ್ಮಾ 2008ರಲ್ಲಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಆಡಳಿತದ ಮುಖ್ಯಸ್ಥರಾದರು. ಮೊದಲ ವರ್ಷದ ಪಂದ್ಯಗಳು ನಡೆದಿರುವಾಗಲೇ ಆ ಕುರ್ಚಿ ಹೋಯಿತು. ಆಮೇಲೆ ಆನಂದ ಮಹೀಂದ್ರಾ ಅವರ ಜೊತೆಗೂಡಿ ಕಬಡ್ಡಿಯ ಕಡೆ ಹೊರಳಿದರು. 2014ರಲ್ಲಿ ಪ್ರೊ ಕಬಡ್ಡಿ ಹುಟ್ಟಿತು. ನಮ್ಮ ಶಾಲೆಯ ಬಯಲಿನಲ್ಲಿ ಹುಡುಗರು ದಮ್ಮು ಹಿಡಿದು ಆಡುವ ಆಟ ರಾತ್ರಿಯ ಟೀವಿಗೆ ಬಂದದ್ದು ಹೀಗೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದಾಗ ಕುಣಿದವರಿಗೆ ಈ ಮಾತುಗಾರನ ನೆನಪು ಎಷ್ಟಿತ್ತೋ!

ಇಪ್ಪತ್ತು ನಿಮಿಷದ ಕರೆ

2022ರ ಫೆಬ್ರವರಿ 12. ಬೆಂಗಳೂರಿನ ಹೋಟೆಲೊಂದರಲ್ಲಿ ಐಪಿಎಲ್ಲಿನ ದೊಡ್ಡ ಹರಾಜು. ಶ್ರೀಲಂಕಾದ ವನಿಂದು ಹಸರಂಗರ ಬೆಲೆ ಕೋಟಿ ಕೋಟಿ ಏರುತ್ತಿತ್ತು. ಹರಾಜು ಕೂಗುತ್ತಿದ್ದ ಇಂಗ್ಲೆಂಡಿನ ಹ್ಯೂ ಎಡ್ಮೀಡ್ಸ್ ನಿಂತಲ್ಲೇ ಕುಸಿದು ಬಿದ್ದರು. ರಕ್ತದೊತ್ತಡ ಇಳಿದಿತ್ತು. ದೇಶವೆಲ್ಲ ಟೀವಿ ಮುಂದೆ ಕುಂತಿದೆ, ಕೆಲಸ ನಿಂತಿದೆ, ಕೂಗುವವನಿಲ್ಲ. ಆಗ ಯಾರಿಗೆ ಕರೆ ಹೋಯಿತು? ಕೂದಲಿಗೆ ಬಣ್ಣ ಬಳಿದು ಸ್ಟುಡಿಯೋದಲ್ಲಿ ಕುಣಿಯುವ ಹುಡುಗರಿಗಲ್ಲ. ಹತ್ತಿರದ ಮನೆಯಲ್ಲಿದ್ದ ಚಾರು ಶರ್ಮಾಗೆ!

ಬಂದರು, ಕಾಗದ ನೋಡಿದರು, ಮೈಕು ಹಿಡಿದರು. ಮಧ್ಯಾಹ್ನ ಪೌಣೆ ನಾಲ್ಕಕ್ಕೆ ಹರಾಜು ಮತ್ತೆ ಶುರು. ಹಸರಂಗ 10.75 ಕೋಟಿಗೆ ಬೆಂಗಳೂರಿಗೇ ಬಂದರು. ಮರುದಿನ ಖಲೀಲ್ ಅಹ್ಮದರ ಸರದಿಯಲ್ಲಿ ಮುಂಬಯಿ, ದಿಲ್ಲಿ ತಂಡಗಳ ಕೂಗಿನ ಲೆಕ್ಕ ಅವರಿಂದ ತಪ್ಪಿತೆಂಬ ಟೀಕೆಯೂ ಬಂತು. ಬರಬೇಕಾದ್ದೇ. ಆದರೆ ಜನ ಮನಸ್ಸಿನಲ್ಲಿ ಇಟ್ಟುಕೊಂಡದ್ದು ಅವರ ಗಡಿಬಿಡಿಯಿಲ್ಲದ ದನಿಯನ್ನು. ಕೊನೆಗೆ ಎಡ್ಮೀಡ್ಸ್ ಚೇತರಿಸಿಕೊಂಡು ವೇದಿಕೆಗೆ ಮರಳಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಶರ್ಮಾ ಸುಮ್ಮನೆ ಮೈಕು ಒಪ್ಪಿಸಿ ಸರಿದರು.

ಈಗ ಹೇಳಿ, ವಯಸ್ಸಿನಿಂದ ಕಳೆ ಇಳಿಯುವುದಾದರೆ ಆ ಎರಡು ದಿನ ಅದು ಎಲ್ಲಿಂದ ಬಂತು? ಮನುಷ್ಯ ಅದೇ, ದನಿ ಅದೇ. ಆ ದಿನ ಆತನಿಗೊಂದು ನಿಜವಾದ ಕೆಲಸವಿತ್ತು, ಅಷ್ಟೇ. ಉಳಿದ ದಿನಗಳಲ್ಲಿ ಟೀವಿಯವರು ಹಿರಿಯ ನಿರೂಪಕನಿಗೆ ಕೆಲಸ ಕೊಡುವುದಿಲ್ಲ, ಕುರ್ಚಿ ಕೊಡುತ್ತಾರೆ.

ಒಂದು ಚೆಂಡಿಗೆ ಎಷ್ಟು ಟನ್ ಕಬ್ಬು?

ಯಾಕೆ ಹೀಗೆ? ಇದರಲ್ಲಿ ರೊಕ್ಕದ ಕೈವಾಡವಿದೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಹರಾಜಾದದ್ದು 48,390 ಕೋಟಿ ರೂಪಾಯಿಗೆ. ಪಂದ್ಯಗಳು 410. ಅಂದರೆ ಪಂದ್ಯಕ್ಕೆ 118 ಕೋಟಿ. ಒಂದು ಪಂದ್ಯಕ್ಕೆ 240 ಚೆಂಡು ಹಿಡಿದರೆ ಚೆಂಡಿಗೆ 49 ಲಕ್ಷ! 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ರೈತರು ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಕೂತು ಪಡೆದ 3,300 ರೂಪಾಯಿ ದರದಲ್ಲಿ ಎಣಿಸಿದರೆ ಒಂದು ಚೆಂಡಿಗೆ ಸುಮಾರು 1,480 ಟನ್ ಕಬ್ಬು. ಎಕರೆಗೆ 40 ಟನ್ ಬಂದರೂ 37 ಎಕರೆಯ ಬೆಳೆ ಒಂದು ಚೆಂಡಿನಲ್ಲಿ ಹೋಯಿತು.

ಇಷ್ಟು ಸುರಿದವರು ಒಂದು ಕ್ಷಣವಾದರೂ ಸುಮ್ಮನಿರಲು ಬಿಡುತ್ತಾರೆಯೇ? ಓವರು ಮುಗಿದರೆ ಜಾಹೀರಾತು, ವಿಕೆಟ್ ಬಿದ್ದರೆ ಜಾಹೀರಾತು. ಚೆಂಡು ಬೌಂಡರಿ ದಾಟುವ ಮುಂಚೆ ಪರದೆಯ ಮೂಲೆಯಲ್ಲಿ ಗುಟಖಾ ತಮ್ಮನ ಏಲಕ್ಕಿ ಅಣ್ಣ ಬಂದು ಕೂತಿರುತ್ತಾನೆ. ಹಳೆಯ ನಿರೂಪಕನ ಬಂಡವಾಳವೇ ಬಿಡುವು. ಒಂದು ಮಾತಾಡಿ, ತಡೆದು, ನೋಡುವವನ ಮನಸ್ಸಿಗೆ ಇಳಿಯಲು ಬಿಟ್ಟು ಇನ್ನೊಂದು ಮಾತು. ಆ ಬಿಡುವನ್ನೇ ಮಾರಿಕೊಂಡ ಮೇಲೆ ಉಳಿದದ್ದು ಬರೀ ಬಾಯಿ.

ಎರಡನೆಯ ಪೆಟ್ಟು ಮಾಜಿ ಆಟಗಾರರದ್ದು. ಆಡಿ ಬಂದವರ ಅನುಭವ ದೊಡ್ಡದು, ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆಡಿದವನಿಗೆ ಮಾತ್ರ ಬಾಯಿ ಎಂಬ ಕಾನೂನು ಎಲ್ಲಿಯದು? 2019ರ ನವೆಂಬರಿನಲ್ಲಿ ಕೋಲ್ಕತ್ತಾದ ಹಗಲು-ರಾತ್ರಿ ಟೆಸ್ಟಿನಲ್ಲಿ ಹರ್ಷ ಭೋಗ್ಲೆ ಒಂದು ಮಾತೆತ್ತಿದರು: ಗುಲಾಬಿ ಚೆಂಡು ಕಣ್ಣಿಗೆ ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ಆಟಗಾರರನ್ನೇ ಕೇಳಬೇಕು ಎಂದು. ಮಂಗಳೂರಿನಲ್ಲಿ ಹುಟ್ಟಿದ ಮಾಜಿ ಆಟಗಾರ ಸಂಜಯ ಮಾಂಜ್ರೇಕರ್, ಕೇಳುವ ಅಗತ್ಯ ನಿಮಗಿದೆ, ಆಡಿದ ನಮಗಿಲ್ಲ ಎಂಬ ಧಾಟಿಯಲ್ಲಿ ಕುಟುಕಿದರು. ಪ್ರಸಾರ ನಡೆದೇ ಇತ್ತು, ದೇಶವೆಲ್ಲ ಕೇಳಿತು. ಮುಂದೆ ಮಾಂಜ್ರೇಕರ್ ತಮ್ಮದು ತಪ್ಪೆಂದು ಒಪ್ಪಿಕೊಂಡರು, ಅದು ಅವರ ದೊಡ್ಡತನ.

ಆದರೆ ಕೇಳುವವನೇ ಬೇಡವೆಂದರೆ ಟೀವಿ ಮುಂದೆ ಕೂತವನ ಗತಿಯೇನು? ಉಗಾರದ ಅಜ್ಜಿ, ಕಬ್ಬಿನ ಗಾಡಿಯ ಡ್ರೈವರ್, ಐದನೆಯ ಇಯತ್ತೆಯ ಹುಡುಗಿ, ಇವರ್ಯಾರೂ ಟೆಸ್ಟ್ ಆಡಿದವರಲ್ಲ. ಇವರ ಪರವಾಗಿ ಪ್ರಶ್ನೆ ಕೇಳುವ ವಕೀಲನೇ ನಿರೂಪಕ. ವಕೀಲನನ್ನು ಹೊರಗೆ ಹಾಕಿ ಆಟಗಾರರು ಆಟಗಾರರೊಡನೆ ಹಳೇ ನೆನಪು ಹೇಳಿಕೊಂಡು ನಗುತ್ತಾರೆ. ನಗಲಿ ಪಾಪ! ನಮಗೇನು ತಿಳಿಯಿತು?

ಹಿರಿಯರ ಪಾಲೂ ಇದೆ

ಹಾಗೆಂದು ಹಿರಿಯ ನಿರೂಪಕರನ್ನೂ ಬಿಟ್ಟುಬಿಡುವಂತಿಲ್ಲ. ಜಾಗ ಜಾರುತ್ತಿದೆ ಎಂದು ಗೊತ್ತಾದಾಗ ಬಹಳ ಮಂದಿ ಮಾಡಿದ ಕೆಲಸ ಒಂದೇ: ಹುಡುಗರನ್ನು ಅನುಕರಿಸಿದರು. ಮೂವತ್ತು ವರ್ಷ ಮೆತ್ತಗೆ ಮಾತಾಡಿದ ಗಂಟಲು ಈಗ ಪ್ರತಿ ಸಿಕ್ಸರಿಗೂ ಕೂಗಿಕೊಳ್ಳುತ್ತದೆ. ಪಕ್ಕದಲ್ಲಿ ಕುಳಿತವರು ಏನಂದರೂ ಹೋ ಎಂದು ನಗುವುದು, ಹತ್ತು ವರ್ಷದಿಂದ ಅದೇ ನಾಲ್ಕು ಉಪಮೆ, ಅದೇ ಎರಡು ಚಟಾಕಿ. ಮುದುಕಪ್ಪ ಜೀನ್ಸ್ ತೊಟ್ಟು ಜಾತ್ರೆಗೆ ಬಂದರೆ ಜನ ನಕ್ಕಾರು, ಗೌರವಿಸಲಾರರು. ಇದನ್ನು ಕಳೆ ಇಳಿದದ್ದು ಎನ್ನುವುದಕ್ಕಿಂತ ತಾವೇ ಇಳಿಸಿಕೊಂಡದ್ದು ಎನ್ನಬೇಕು.

ಹಿರಿತನ ಹೇಗಿರಬೇಕು ಎಂಬುದಕ್ಕೆ ಆಸ್ಟ್ರೇಲಿಯಾದ ರಿಚೀ ಬೆನೊ ಸಾಕು. 2015ರಲ್ಲಿ ಕಣ್ಮುಚ್ಚಿದರು. ಚಿತ್ರಕ್ಕೆ ಏನಾದರೂ ಸೇರಿಸುವ ಹಾಗಿದ್ದರೆ ಮಾತ್ರ ಬಾಯಿ ಬಿಡಬೇಕೆಂಬುದು ಅವರ ನೇಮ. 2005ರ ಸೆಪ್ಟೆಂಬರಿನಲ್ಲಿ ಓವಲ್ ಮೈದಾನದಲ್ಲಿ ಇಂಗ್ಲೆಂಡಿನ ಪ್ರೇಕ್ಷಕರಿಗೆ ವಿದಾಯ ಹೇಳುತ್ತಿದ್ದರು. ಆ ಹೊತ್ತಿಗೇ ಮೆಕ್‌ಗ್ರಾ ಎಸೆದ ಚೆಂಡಿಗೆ ಪೀಟರ್ಸನ್ ಬೌಲ್ಡ್ ಆದರು. ಬೆನೊ ತಮ್ಮ ವಿದಾಯ ತಡೆದು ವಿಕೆಟ್ ಬಿದ್ದ ಸುದ್ದಿ ಹೇಳಿದರು, ಆಮೇಲೆ ವಿದಾಯ ಮುಂದುವರಿಸಿದರು. ಎಷ್ಟೋ ದಶಕದ ದುಡಿಮೆಯ ಕೊನೆಯ ಗಳಿಗೆ, ಅದರಲ್ಲೂ ತಾನು ಹಿಂದೆ, ಆಟ ಮುಂದೆ! ಆಗ ಅವರಿಗೆ ಎಪ್ಪತ್ತು ದಾಟಿತ್ತು. ಕಳೆ ಇಳಿದಿತ್ತೇ?

ಇಷ್ಟು ದೂರವೂ ಹೋಗಬೇಕಾಗಿಲ್ಲ. ಕೃಷ್ಣೆಯ ದಂಡೆಯ ನಮ್ಮ ಊರುಗಳ ಜಾತ್ರೆಯಲ್ಲಿ ನಿಕಾಲಿ ಕುಸ್ತಿ ನೋಡಿದವರಿಗೆ ಮೈಕು ಹಿಡಿದ ನಿವೇದಕ ಗೊತ್ತು. ಹಲಗಿ ಬಡಿಯುತ್ತಿರುತ್ತದೆ. ಪೈಲ್ವಾನನ ಊರು, ತಾಲೀಮು, ವಸ್ತಾದರ ಹೆಸರು, ಹಿಂದೆ ಯಾರನ್ನು ಚಿತ್ ಮಾಡಿದ, ಎಲ್ಲವೂ ಆತನ ನಾಲಿಗೆಯ ತುದಿಯಲ್ಲಿ, ಕನ್ನಡದಲ್ಲೂ ಮರಾಠಿಯಲ್ಲೂ. ಆದರೆ ಇಬ್ಬರ ಕೈ ಕೂಡಿ ಡಾವು ಬಿದ್ದೊಡನೆ ಆತ ಸುಮ್ಮನಾಗುತ್ತಾನೆ. ಸಾವಿರ ಜನರ ಉಸಿರು ಕೇಳಿಸುವಷ್ಟು ಸುಮ್ಮನೆ. ಬೆನ್ನು ಮಣ್ಣಿಗೆ ತಾಗಿದ ಮೇಲೆಯೇ ದನಿ. ಇಂಥ ನಿವೇದಕನಿಗೆ ತಲೆ ಹಣ್ಣಾದಷ್ಟೂ ಬೇಡಿಕೆ ಹೆಚ್ಚು. ಯಾಕೆಂದರೆ ಆತನ ತಲೆಯಲ್ಲಿ ನಾಲ್ಕು ತಲೆಮಾರಿನ ಕುಸ್ತಿ ಇದೆ. ಜಾತ್ರೆಯ ಕಮಿಟಿಯವರಿಗೆ ತಿಳಿದ ಸತ್ಯ ಸಾವಿರಾರು ಕೋಟಿಯ ಚಾನೆಲ್ಲಿನವರಿಗೆ ತಿಳಿಯಬಾರದೇ?

ಗಡಿಯ ಟೀವಿಯಲ್ಲಿ ಕನ್ನಡ

ಇದೆಲ್ಲ ಬೆಂಗಳೂರು, ಮುಂಬಯಿಯವರ ತಂಟೆ, ಉಗಾರಕ್ಕೇನು ಎಂದು ಕೇಳುವವರಿದ್ದಾರೆ. ನಮಗೇ ಇರುವುದು! 2018ರಿಂದ ಐಪಿಎಲ್ ಆಟದ ಮಾತು ಕನ್ನಡದಲ್ಲೂ ಬರುತ್ತಿದೆ. ಸಂತೋಷದ ಸಂಗತಿ. 2023ರಲ್ಲಿ ಮೊಬೈಲಿನಲ್ಲಿ ಹನ್ನೆರಡು ಭಾಷೆ ಬಂದವು, ಕನ್ನಡದ ಪಕ್ಕದಲ್ಲೇ ಮರಾಠಿಯೂ ಕೂತಿತು. ಮೈಸೂರಿನವನಿಗೆ ಕನ್ನಡ ಹಿಡಿಸದಿದ್ದರೆ ಮುನಿಸಿಕೊಂಡಾನು. ನಮ್ಮ ಕಾಗವಾಡ ತಾಲೂಕಿನವನಿಗೆ ಮುನಿಸಿಕೊಳ್ಳುವ ದರ್ದಿಲ್ಲ. ಬೆರಳು ಒತ್ತಿದರೆ ಮರಾಠಿ, ಮತ್ತೆ ಒತ್ತಿದರೆ ಹಿಂದಿ, ಮೂರೂ ಬಾಯಿಗೆ ಬರುವ ಭಾಷೆಗಳೇ. ಮಿರಜ ಇಲ್ಲಿಂದ ಅರ್ಧ ತಾಸಿನ ರೈಲು.

"ಕಾಕಾ, ಹಿಂದಿ ಹಚ್ಚಲೇನ್ರಿ? ಇಲ್ಲಿ ಬರೇ ಒದರಾಕತ್ತಾರ."

"ಹಚ್ಚಪಾ. ಕನ್ನಡಾ ಕೇಳಬೇಕಂತ ಕುಂತಿದ್ನಿ, ಆದ್ರ ಒಂದ ಮಾತರ ನಮ್ಮಂಗ ಐತೇನ?"

ಇಷ್ಟೇ ಮಾತು, ಆದರೆ ಗಡಿಯಲ್ಲಿ ಕನ್ನಡ ಒಂದು ಹೆಜ್ಜೆ ಹಿಂದೆ ಸರಿಯುವುದು ಹೀಗೆ. ಮೋರ್ಚಾ ಇಲ್ಲ, ಗಲಾಟೆ ಇಲ್ಲ, ಬರೀ ಒಂದು ಬೆರಳು. ಕನ್ನಡದ ಪ್ರಸಾರದಲ್ಲಿ ಆಡಿ ಬಂದವರಿದ್ದಾರೆ, ಉತ್ಸಾಹದ ಹುಡುಗರಿದ್ದಾರೆ. ಜನರ ವಕೀಲನಾಗಿ ಕೂರುವ, ಧಾರವಾಡದ ಈಚೆಯ ಮಾತೂ ಬಲ್ಲ, ಗಂಭೀರ ಹಿರಿಯ ದನಿಯ ಕೊರತೆ ಮಾತ್ರ ಎದ್ದು ಕಾಣುತ್ತದೆ. ಹಿಂದಿಯ ಗದ್ದಲವನ್ನು ಹಾಗೇ ಕನ್ನಡಕ್ಕೆ ತಿರುವಿದರೆ ಅದು ಕನ್ನಡದ ಪ್ರಸಾರವಾಗುವುದಿಲ್ಲ. ಅಸಲು ಹಿಂದಿಯೇ ಸಿಗುವಾಗ ನಕಲು ಯಾರಿಗೆ ಬೇಕು?

ಚಾನೆಲ್ಲಿನ ಯಜಮಾನರು ಮಾಡಬೇಕಾದ್ದು ದೊಡ್ಡ ಖರ್ಚಿನದ್ದಲ್ಲ. ಹಿರಿಯ ನಿರೂಪಕನಿಗೆ ಕುರ್ಚಿಯ ಬದಲು ಕೆಲಸ ಕೊಡಲಿ. ಸ್ಟುಡಿಯೋದಲ್ಲಿ ಆರು ತಲೆಯ ಬದಲು ಮೂರು ಸಾಕು, ಒಬ್ಬ ಕೇಳಲಿ, ಇಬ್ಬರು ಹೇಳಲಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಕನ್ನಡಕ್ಕೂ ಒಂದು ಮೈಕು ಸಿಗಲಿ. ಇನ್ನು ಹಿರಿಯರಿಗೊಂದು ಮಾತು: ತಲೆ ನರೆತದ್ದಕ್ಕೆ ನಾಚಬೇಡಿ, ಹುಡುಗರ ಹಾಗೆ ಒದರಬೇಡಿ. ಒಂದು ಓವರು ಸುಮ್ಮನಿದ್ದು ನೋಡಿ. ನಿಮ್ಮ ಕಳೆ ನಿಮ್ಮ ಹತ್ತಿರವೇ ಇದೆ. ಅದರ ಮೇಲೆ ಬಿದ್ದ ಧೂಳು ಗದ್ದಲದ್ದು, ವಯಸ್ಸಿನದ್ದಲ್ಲ.