ಎಡಿಎಚ್‌ಡಿ ‘ಕಟ್ಟುಕಥೆಯ ಕಾಯಿಲೆ’ಯೇ? ಆ ಫಾರ್ವರ್ಡ್ ಹೇಳದೆ ಬಿಟ್ಟದ್ದೇನು?

ಎಡಿಎಚ್‌ಡಿ ಎಂಬ ಕಾಯಿಲೆಯೇ ಇಲ್ಲ, ಅದನ್ನು ‘ಕಂಡುಹಿಡಿದ’ ವಿಜ್ಞಾನಿಯೇ ಸಾಯುವ ಮುನ್ನ ಹಾಗೆಂದು ಒಪ್ಪಿಕೊಂಡಿದ್ದರು ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಕೈಯಲ್ಲಿ ಹಿಡಿದುಕೊಂಡ ಅಪ್ಪ ಅಮ್ಮನಿಗೆ ಇದು ಸಿಕ್ಕರೆ ಏನಾದೀತು? ಹಾಗಾಗಿ ಕೆದಕಿ ನೋಡಿದೆವು.

ಸಂದೇಶದಲ್ಲಿರುವವರು ಅಮೆರಿಕದ ಮಕ್ಕಳ ಮನೋವೈದ್ಯ ಲಿಯಾನ್ ಐಸೆನ್‌ಬರ್ಗ್. ಅವರು ತೀರಿಕೊಂಡದ್ದು 2009ರಲ್ಲಿ. ಮಾತು ಅಚ್ಚಾದದ್ದು 2012ರಲ್ಲಿ, ಜರ್ಮನಿಯ ‘ಡೆರ್ ಸ್ಪೀಗೆಲ್’ ಪತ್ರಿಕೆಯಲ್ಲಿ. ಕಟುವಾದ ಪದ ಬಳಸಿದ್ದಾರೆಂದು ಅಲ್ಲಿರುವುದು ನಿಜ. ಆದರೆ ಅವರ ತಕರಾರು ಬೇರೆ: ಎಲ್ಲವನ್ನೂ ವಂಶವಾಹಿಯ ಮೇಲೆ ಹಾಕುತ್ತಾರೆ, ಮಗುವಿನ ಮನೆಯ ಪರಿಸ್ಥಿತಿ ವಿಚಾರಿಸದೆ ಬೇಗ ಮಾತ್ರೆ ಬರೆಯುತ್ತಾರೆ ಎಂಬುದು. ಫಾರ್ವರ್ಡ್‌ನಲ್ಲಿ ಈ ಭಾಗವೇ ಮಾಯ. ಇನ್ನು ‘ಕಂಡುಹಿಡಿದ’ ಎಂಬುದೂ ತಪ್ಪು. ಇಂಥ ಮಕ್ಕಳ ಬಗ್ಗೆ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲೇ ಉಪನ್ಯಾಸ ಕೊಟ್ಟಿದ್ದರು. ಐಸೆನ್‌ಬರ್ಗ್ ಹುಟ್ಟಿದ್ದು 1922ರಲ್ಲಿ!

ಹಾಗಾದರೆ ಪತ್ತೆ ಹಚ್ಚುವುದು ಹೇಗೆ? ರಕ್ತಪರೀಕ್ಷೆಯಿಂದ, ಮೆದುಳಿನ ಸ್ಕ್ಯಾನ್‌ನಿಂದ ಗೊತ್ತಾಗುವುದಿಲ್ಲ. ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷದೊಳಗೆ ಶುರುವಾಗಿರಬೇಕು, ಮನೆ ಮತ್ತು ಶಾಲೆಯಂತೆ ಎರಡು ಕಡೆಯಾದರೂ ಕಾಣಬೇಕು, ದಿನನಿತ್ಯದ ಬದುಕಿಗೆ ತೊಂದರೆ ಕೊಡುತ್ತಿರಬೇಕು. ಇನ್‌ಸ್ಟಾಗ್ರಾಂ ರೀಲ್‌ನ ಐದು ಪ್ರಶ್ನೆಗಳಿಗೆ ಇದು ಸಿಗುವ ಸಂಗತಿಯಲ್ಲ. ನಿದ್ದೆಗೇಡು, ಕಿವಿಯ ಅಥವಾ ಕಣ್ಣಿನ ದೋಷ, ಕಲಿಕಾ ತೊಂದರೆ, ಆತಂಕ ಇವೂ ಹಾಗೆಯೇ ಕಾಣಬಹುದು.

ವೈದ್ಯರೂ ಎಡವುತ್ತಾರೆ. ಅಮೆರಿಕದಲ್ಲಿ ಸೆಪ್ಟೆಂಬರ್ 1 ಶಾಲಾ ಸೇರ್ಪಡೆಯ ಗಡುವಾಗಿರುವ ರಾಜ್ಯಗಳನ್ನು ನೋಡಿದ 2018ರ ಅಧ್ಯಯನವೊಂದರಲ್ಲಿ, ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳಲ್ಲಿ ಎಡಿಎಚ್‌ಡಿ ಪತ್ತೆ ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ ಶೇ. 34ರಷ್ಟು ಹೆಚ್ಚಿತ್ತು. ಆಗಸ್ಟ್ ಮಕ್ಕಳು ತರಗತಿಯಲ್ಲೇ ಚಿಕ್ಕವರು. ವಯಸ್ಸಿನ ತುಂಟತನಕ್ಕೂ ಕಾಯಿಲೆಯ ಹೆಸರು ಬಿದ್ದಿರಬಹುದು. ಐಸೆನ್‌ಬರ್ಗ್ ಅವರ ಎಚ್ಚರಿಕೆಗೆ ಅರ್ಥವಿರುವುದು ಇಲ್ಲಿ ಎನ್ನುವುದು ನಮ್ಮ ಅನಿಸಿಕೆ.

ಮಾತ್ರೆಯ ವಿಚಾರ. ಮೀಥೈಲ್‌ಫೆನಿಡೇಟ್ ಅಮೆರಿಕದಲ್ಲಿ 1955ರಿಂದ ಬಳಕೆಯಲ್ಲಿದೆ. ಇದು ಉತ್ತೇಜಕ, ಮೆದುಳಿನಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡಿ ಗಮನ ನಿಲ್ಲಲು ನೆರವಾಗುತ್ತದೆ. ಕಾಯಿಲೆಯನ್ನು ಬೇರು ಸಹಿತ ಕೀಳುವುದಿಲ್ಲ, ಕನ್ನಡಕದಂತೆ ಬಳಸಿದಷ್ಟು ಹೊತ್ತು ಕೆಲಸ. ಹಸಿವು ಕುಗ್ಗಬಹುದು, ನಿದ್ದೆ ಕೆಡಬಹುದು, ಹೃದಯಬಡಿತ ತುಸು ಏರಬಹುದು. ಅದಕ್ಕೇ ಎತ್ತರ, ತೂಕ, ಬಿಪಿ ಆಗಾಗ ನೋಡುತ್ತಾರೆ. ಪುಟ್ಟ ಮಕ್ಕಳಿಗೆ ಮೊದಲು ಪೋಷಕರ ತರಬೇತಿಯೇ ಚಿಕಿತ್ಸೆ. ಭಾರತದಲ್ಲಿ ಈ ಔಷಧ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನಿಂದ ಪಡೆದು ನುಂಗುವ ಮಾತ್ರೆ ಇದಲ್ಲ.

ಮಗುವಿಗೆ ಈಗಾಗಲೇ ಔಷಧ ನಡೆಯುತ್ತಿದ್ದು ಅನುಮಾನವಿದ್ದರೆ, ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಯಾರನ್ನು ಕೇಳಬೇಕೆಂದೇ ತಿಳಿಯದವರಿಗೆ ಸರ್ಕಾರದ ಉಚಿತ ‘ಟೆಲಿ ಮಾನಸ್’ ಸಹಾಯವಾಣಿ ಇದೆ: 14416. ಕನ್ನಡದಲ್ಲೂ ಮಾತಾಡಬಹುದು.