ಕಪ್ಪು ವೈರು ಎಲ್ಲಿಗೆ ಹೋಗುತ್ತೆ, ತಾತ?

ಹೋದ ತಿಂಗಳು ನಮ್ಮಾಕೆಯ ಕಣ್ಣಿನ ಪೊರೆಯ ಆಪರೇಷನ್. ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆಯಲ್ಲಿರಬೇಕು. ಕೀಲಿ ತಿರುಗಿಸಿದರೆ ಕಾರು ‘ಟಕ್ ಟಕ್’ ಎಂದು ಸುಮ್ಮನಾಯಿತು. ಇದೇ ಕಾಯಿಲೆಗೆ ಹದಿನೈದು ದಿನದ ಹಿಂದಷ್ಟೇ ಗ್ಯಾರೇಜಿನವರು ಹೊಸ ಬ್ಯಾಟರಿ ಹಾಕಿದ್ದರು! ಆಟೋ ಹಿಡಿದು ಓಡಿದೆವು. ಆಪರೇಷನ್ ಸಸೂತ್ರವಾಯಿತು. ಬ್ಯಾಟರಿಗೆ ಕೊಟ್ಟ ದುಡ್ಡು ನೆನೆದು ನನ್ನ ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

ಭಾನುವಾರ ಏಳನೇ ಕ್ಲಾಸಿನ ಮೊಮ್ಮಗಳ ಕೈಗೆ ಟಾರ್ಚು ಕೊಟ್ಟು ಬಾನೆಟ್ ಎತ್ತಿದೆ. ಕೀಲಿ ನನ್ನ ಜೇಬಿನಲ್ಲಿ. ಉಂಗುರ, ಗಡಿಯಾರ ಮನೆಯೊಳಗೆ. ಮಕ್ಕಳೇ, ದೊಡ್ಡವರಿಲ್ಲದೆ ನೀವು ಬಾನೆಟ್ ಮುಟ್ಟಬೇಡಿ.

ಬ್ಯಾಟರಿ ಬೇಗ ಸಿಕ್ಕಿತು. ಕೆಂಪು ವೈರು ಪ್ಲಸ್, ಕಪ್ಪು ಮೈನಸ್. ಬಣ್ಣ ಮಾಸಿದ್ದರೆ ಬ್ಯಾಟರಿಯ ಮೇಲಿನ ಗುರುತು ನೋಡಬೇಕು. ಕೆಂಪಿನದೊಂದು ಕವಲು ಸ್ಟಾರ್ಟರ್ ಮೋಟಾರಿಗೆ, ಇನ್ನೊಂದು ಕಪ್ಪು ಮುಚ್ಚಳದ ಫ್ಯೂಸ್ ಡಬ್ಬಿಗೆ. ಅದರೊಳಗೆ 10 ಆಂಪಿಯರಿನದು ಕೆಂಪು, 15ರದು ನೀಲಿ, 20ರದು ಹಳದಿ.

“ಕಪ್ಪು ವೈರು ಎಲ್ಲಿಗೆ ಹೋಗುತ್ತೆ, ತಾತ?”

ಅದೇ ಪ್ರಶ್ನೆ! ಹೋದ ಕರೆಂಟು ವಾಪಸು ಬರಲೇಬೇಕು. ಪ್ರತಿ ದೀಪಕ್ಕೂ ಎರಡನೇ ವೈರು ಬ್ಯಾಟರಿವರೆಗೆ ಎಳೆಯುವ ಬದಲು ಕಾರಿನ ತಗಡಿನ ಮೈಯನ್ನೇ ದಾರಿ ಮಾಡಿಕೊಂಡಿದ್ದಾರೆ. ಅರ್ಥ್ ಎಂಬ ಹೆಸರಿದ್ದರೂ ನೆಲಕ್ಕೂ ಇದಕ್ಕೂ ನಂಟಿಲ್ಲ. ಬ್ಯಾಂಕಿನಲ್ಲಿ ಡೆಬಿಟ್ಟಿಗೆ ಕ್ರೆಡಿಟ್ ಕೂಡದಿದ್ದರೆ ರಾತ್ರಿ ಒಂಬತ್ತಾದರೂ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ, ಇದೂ ಹಾಗೇ.

ಅವಳು ವೈರಿನ ಜಾಡು ಹಿಡಿದಳು. ಒಂದು ತುದಿ ಗೇರ್‌ಬಾಕ್ಸಿಗೆ, ಇನ್ನೊಂದು ಬ್ಯಾಟರಿ ತಟ್ಟೆಯ ಕೆಳಗೆ, ಬಾಡಿಯ ಮೇಲಿನ ಬೋಲ್ಟಿಗೆ. “ಇಲ್ಲೆಲ್ಲ ತುಕ್ಕು!” ಗೇರ್‌ಬಾಕ್ಸಿನ ಬೋಲ್ಟು ಇನ್ನೂ ಕೆಟ್ಟದಾಗಿತ್ತು, ಕೈಯಲ್ಲೇ ಅಲುಗಾಡುತ್ತಿತ್ತು. ಒಂದು ಹೆಡ್‌ಲೈಟಿಗೆ ಸುಮಾರು 5 ಆಂಪಿಯರ್ ಸಾಕು, ತುಕ್ಕಿನ ಸಂದಿಯಲ್ಲೂ ನುಸುಳುತ್ತದೆ. ಸ್ಟಾರ್ಟರಿಗೆ ನೂರಕ್ಕೂ ಮೇಲೆ ಬೇಕು. ಅದಕ್ಕೇ ದೀಪ ಉರಿದರೂ ಎಂಜಿನ್ ತಿರುಗುತ್ತಿರಲಿಲ್ಲ. ಹೊಸ ಬ್ಯಾಟರಿ ಕೂರಿಸುವಾಗ ವೈರು ಅಲುಗಿ ಹದಿನೈದು ದಿನ ನಡೆದಿರಬೇಕು.

ಬ್ಯಾಟರಿಯಿಂದ ಮೊದಲು ಮೈನಸ್ ಬಿಚ್ಚಿದೆ. ಪ್ಲಸ್ ಬಿಚ್ಚುವಾಗ ಸ್ಪಾನರ್ ಬಾಡಿಗೆ ತಗಲಿದರೆ ಕಿಡಿ ಹಾರುತ್ತದೆ. ಬೋಲ್ಟಿನ ಜಾಗಗಳನ್ನು ಮರಳು ಕಾಗದದಿಂದ ಲೋಹ ಹೊಳೆಯುವವರೆಗೂ ಉಜ್ಜಿ, ಬಿಗಿದು, ಮೈನಸ್ ಕೊನೆಗೆ ಜೋಡಿಸಿದೆ.

ಒಂದೇ ಸಲಕ್ಕೆ ಎಂಜಿನ್ ಗುರುಗುಟ್ಟಿತು. ಕಪ್ಪು ಕನ್ನಡಕದ ಅಜ್ಜಿ ಬಾಗಿಲಿಗೆ ಬಂದಳು. “ಹಾಗಾದ್ರೆ ಆ ಹೊಸ ಬ್ಯಾಟರಿಗೆ ಎಷ್ಟು ಕೊಟ್ರಿ?”

ನಾನು ಕೈ ತೊಳೆಯಲು ಹೋದೆ.