ನಮ್ಮ ಕನ್ವರ್ಟಿಬಲ್‌ಗೆ ಮೂರೇ ಗಾಲಿ

ಕಳೆದ ವಾರ ಕ್ಯಾಂಟೀನಿನಲ್ಲಿ ಮಿರ್ಚಿ, ಚಹಾ ಮುಂದಿಟ್ಟುಕೊಂಡು ನಮ್ಮ ಕ್ಲಾಸಿನವರು ಒಂದು ತಾಸು ವಾದ ಮಾಡಿದರು. ಟಾಪ್ ತೆರೆಯುವ ಕಾರು ಕೊಳ್ಳುವುದಾದರೆ ಪೆಟ್ರೋಲಿನದೋ, ಎಲೆಕ್ಟ್ರಿಕ್ಕೋ ಎಂಬುದು ವಿಷಯ. ಒಂದು ಗುಂಪಿನದು ಮಿನಿ ಕೂಪರ್ ಕನ್ವರ್ಟಿಬಲ್. 2025ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದ ಈ ಪೆಟ್ರೋಲ್ ಕಾರಿನ ಎಕ್ಸ್-ಶೋರೂಂ ಬೆಲೆ 58 ಲಕ್ಷದ ಮೇಲೆ. ಇನ್ನೊಂದು ಗುಂಪಿನದು ಅದೇ ವರ್ಷ ಜುಲೈನಲ್ಲಿ ಬಂದ ಎಂಜಿ ಸೈಬರ್‌ಸ್ಟರ್. ಬ್ಯಾಟರಿಯಲ್ಲಿ ಓಡುವ ಇದಕ್ಕೆ 70 ಲಕ್ಷಕ್ಕೂ ಹೆಚ್ಚು. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಮಿನಿಗೆ ಹೆಚ್ಚೂಕಡಿಮೆ 7 ಸೆಕೆಂಡು ಬೇಕು, ಸೈಬರ್‌ಸ್ಟರ್‌ಗೆ 3.2 ಸಾಕು. ‘ಎಂಜಿನ್ ಸೌಂಡ್ ಇಲ್ಲದ್ದು ಅದೆಂಥಾ ಕಾರಲೇ?’ ಎಂದು ಒಬ್ಬ ಟೇಬಲ್ ಗುದ್ದಿದ. ಕೊನೆಗೆ ಚಹಾದ ಬಿಲ್ಲಿಗೆ ಐದು ರೂಪಾಯಿ ಕಡಿಮೆ ಬಿದ್ದು ಎಲ್ಲರೂ ಜೇಬು ತಡಕಾಡಿದರು!

ಅಂದು ಸಂಜೆ ನಾನು ಮನೆಗೆ ಹೋದದ್ದು ಕನ್ವರ್ಟಿಬಲ್‌ನಲ್ಲೇ. ರೆಕ್ಸಿನ್ ಹುಡ್, ಎರಡೂ ಬದಿಗೆ ಗಾಜಿಲ್ಲ, ಮಳೆ ಬಂದರೆ ಇಳಿಬಿಡಲು ಒಂದು ಪಡದಾ. ಅದು ನಮ್ಮಪ್ಪನ ಆಟೋ. ಹುಬ್ಬಳ್ಳಿ-ಧಾರವಾಡದ ಸಾವಿರಾರು ಜನ ದಿನಾ ಕೂರುವ ತೆರೆದ ಗಾಡಿ ಎಂದರೆ ಇದೇ. ಪೆಟ್ರೋಲೋ, ಎಲೆಕ್ಟ್ರಿಕ್ಕೋ ಎಂಬ ಪ್ರಶ್ನೆ ಕ್ಯಾಂಟೀನಿನಲ್ಲಿ ಹರಟೆ, ನಮ್ಮ ಮನೆಯಲ್ಲಿ ಹೊಟ್ಟೆಪಾಡು. ಅಪ್ಪನ ಪೆಟ್ರೋಲ್ ಆಟೋ ಹಳೆಯದಾಗಿದೆ. ಮುಂದಿನ ಎಫ್‌ಸಿಗೆ ಮೊದಲು ಎಂಜಿನ್ ಕೆಲಸ ಮಾಡಿಸಬೇಕು, ಇಲ್ಲವೇ ಹೊಸ ಗಾಡಿ ತರಬೇಕು.

ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುವವಳು. ಸಹಜವಾಗಿಯೇ ಎಲೆಕ್ಟ್ರಿಕ್ ಪರ ವಕೀಲಿಕೆಗೆ ನಿಂತೆ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಲೆಕ್ಕ ಬರೆದೆ. ದಿನಕ್ಕೆ 80 ಕಿ.ಮೀ. ಓಡಿದರೆ ಅಪ್ಪನ ಆಟೋಕ್ಕೆ ಮೂರು ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರೇ ರೂಪಾಯಿ ಹಿಡಿದರೂ ದಿನಕ್ಕೆ 300. ಎಲೆಕ್ಟ್ರಿಕ್ ಆಟೋ ಅಷ್ಟೇ ದೂರಕ್ಕೆ, ಚಾರ್ಜಿಂಗಿನಲ್ಲಿ ಸೋರುವುದೂ ಸೇರಿ, ಸುಮಾರು ಏಳು ಯೂನಿಟ್ ಕುಡಿಯುತ್ತದೆ. ಯೂನಿಟ್ಟಿಗೆ ಎಲ್ಲ ಸೇರಿ 8 ರೂಪಾಯಿ ಎಂದರೂ 56 ರೂಪಾಯಿ ಆಯಿತು. ತಿಂಗಳಿಗೆ 26 ದಿನ ಓಡಿಸಿದರೆ ಉಳಿಯುವುದು 6,300 ರೂಪಾಯಿಗೂ ಹೆಚ್ಚು.

ಯಂತ್ರದ ವಿಷಯದಲ್ಲಂತೂ ಸ್ಪರ್ಧೆಯೇ ಇಲ್ಲ. ಪೆಟ್ರೋಲ್ ಎಂಜಿನ್ ತಾನು ಉರಿಸುವ ಇಂಧನದ ಕಾಲು ಭಾಗವನ್ನಷ್ಟೇ ಗಾಲಿಗೆ ಮುಟ್ಟಿಸಿದರೆ ಅದೇ ದೊಡ್ಡದು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಮೋಟಾರು ಬ್ಯಾಟರಿಯಿಂದ ಪಡೆದ ಶಕ್ತಿಯ ಬಹುಪಾಲನ್ನು ಓಟಕ್ಕೇ ಕೊಡುತ್ತದೆ. ಚೆನ್ನಮ್ಮ ವೃತ್ತದ ಟ್ರಾಫಿಕ್ಕಿನಲ್ಲಿ ಗಾಡಿ ನಿಂತಾಗ ಎಂಜಿನ್ ಸುಮ್ಮನೆ ಉರಿಯುತ್ತದೆ, ಮೋಟಾರು ಸುಮ್ಮನೆ ಇರುತ್ತದೆ. ಹೊರಡುವಾಗ ಪೂರ್ತಿ ತಿರುಚುಬಲ ಮೊದಲ ಸುತ್ತಿನಲ್ಲೇ ಸಿಗುತ್ತದೆ. ‘ಧಾರವಾಡ ಏರು ಅದಕ್ಕ ಆಗೂದಿಲ್ಲ’ ಎಂದು ಸ್ಟ್ಯಾಂಡಿನಲ್ಲಿ ಮಾತಿದೆಯಲ್ಲ, ಅದನ್ನೂ ಲೆಕ್ಕ ಹಾಕಿದೆ. ಜನ ಸೇರಿ 800 ಕಿಲೊ ತೂಕದ ಗಾಡಿಯನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಹೆಚ್ಚುವರಿಯಾಗಿ ಬೇಕಾಗುವುದು ಬರೀ ಕಾಲು ಯೂನಿಟ್!

ಕಾರಿಗಿಂತ ಆಟೋಕ್ಕೇ ಹೆಚ್ಚು ಅನ್ವಯಿಸುವ ಇನ್ನೊಂದು ಸಂಗತಿಯಿದೆ. ಗಾಜು ಏರಿಸಿ ಎಸಿ ಹಾಕಿಕೊಂಡವನಿಗೆ ಹೊರಗಿನ ಹೊಗೆ ಅಷ್ಟಾಗಿ ತಟ್ಟುವುದಿಲ್ಲ. ತೆರೆದ ಗಾಡಿಯಲ್ಲಿ ದಿನಕ್ಕೆ ಹತ್ತು ತಾಸು ಕೂರುವವನು ಊರಿನ ಹೊಗೆಯನ್ನೆಲ್ಲ ಕುಡಿಯುತ್ತಾನೆ. ರಾತ್ರಿ ಅಪ್ಪ ಕೆಮ್ಮುವುದು, ಹ್ಯಾಂಡಲ್ ಹಿಡಿದೂ ಹಿಡಿದೂ ಜುಮ್ಮೆನ್ನುವ ಕೈಯನ್ನು ತಿಕ್ಕಿಕೊಳ್ಳುವುದು ನನಗೆ ಗೊತ್ತು. ಹೊಗೆ ಬಿಡದ, ನಡುಗದ ಗಾಡಿ ಯಾರಿಗಾದರೂ ಮೊದಲು ಸಿಗಬೇಕೆಂದರೆ ಅದು ಆಟೋ ಓಡಿಸುವವರಿಗೆ.

ಇಷ್ಟನ್ನೆಲ್ಲ ಊಟಕ್ಕೆ ಕೂತಾಗ ಓದಿ ಹೇಳಿದೆ. ಅಪ್ಪ ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿಸಿಕೊಂಡರು. ‘ನಿನ್ನ ಲೆಕ್ಕ ಬರೋಬ್ಬರಿ ಐತವಾ. ಆದ್ರ ಅದು ಹೊಸ ಗಾಡಿ ತಗೊಳ್ಳಾವನ ಲೆಕ್ಕ. ನಂದು ಸಾಲ ತೀರಿದ ಗಾಡಿ’ ಎಂದರು.

ನಾನು ಪೆನ್ನು ಕೆಳಗಿಟ್ಟೆ. ನಿಜವಲ್ಲವೇ? 2025ರ ಫೆಬ್ರುವರಿಯಲ್ಲಿ ಬಜಾಜ್ ಕಂಪನಿ ತನ್ನ ಗೋಗೋ ಎಲೆಕ್ಟ್ರಿಕ್ ಆಟೋಗಳನ್ನು ಬಿಡುಗಡೆ ಮಾಡಿದಾಗ ಬೆಲೆ ಆರಂಭವಾದದ್ದೇ ಸುಮಾರು 3.27 ಲಕ್ಷದಿಂದ. ಮೂರು ಲಕ್ಷ ಸಾಲ, 14 ಪರ್ಸೆಂಟ್ ಬಡ್ಡಿ, ನಾಲ್ಕು ವರ್ಷ ಎಂದು ಹಿಡಿದರೆ ತಿಂಗಳ ಕಂತು 8,200 ರೂಪಾಯಿ. ಉಳಿತಾಯ 6,300, ಕಂತು 8,200. ನಾಲ್ಕು ವರ್ಷ ಪ್ರತಿ ತಿಂಗಳೂ 1,900 ರೂಪಾಯಿ ಕೈಯಿಂದ ಹಾಕಬೇಕು. ಐದನೇ ವರ್ಷದಿಂದ ಲಾಭವೇನೋ ಹೌದು. ಆದರೆ ಅಷ್ಟು ಹೊತ್ತಿಗೆ ಬ್ಯಾಟರಿಯ ವಾರಂಟಿ ಎಷ್ಟು ಉಳಿದಿರುತ್ತದೆ, ಮಾರಲು ಹೋದರೆ ಎಷ್ಟು ಬರುತ್ತದೆ ಎಂದು ಕೇಳಿದರೆ ನನ್ನ ನೋಟ್‌ಬುಕ್ಕಿನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಅವ್ವ ಕೇಳಿದಳು: ‘ಮತ್ತ ನಮ್ಮ ಝೀರೋ ಬಿಲ್ಲು?’ ಗೃಹಜ್ಯೋತಿಯಿಂದಾಗಿ 2023ರಿಂದ ನಮ್ಮ ಮನೆಗೆ ಕರೆಂಟ್ ಬಿಲ್ ಇಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಮಾತ್ರ ಪೂರ್ತಿ ಬಿಲ್ ಕಟ್ಟಬೇಕು. ಆಟೋ ಒಂದಕ್ಕೇ ತಿಂಗಳಿಗೆ 182 ಯೂನಿಟ್ ಬೇಕು, ಮನೆಯ ಬಳಕೆ ಬೇರೆ. ಅಂದರೆ ಫ್ಯಾನು, ಟಿವಿ, ಮಿಕ್ಸಿಗೂ ಇನ್ನು ದುಡ್ಡು. ಅಲ್ಲದೆ ನಮ್ಮದು ಮಾಳಿಗೆಯ ಮೇಲಿನ ಬಾಡಿಗೆ ಮನೆ. ಆಟೋ ನಿಲ್ಲುವುದು ಗಲ್ಲಿಯ ತುದಿಯಲ್ಲಿ. ಕಿಟಕಿಯಿಂದ ಅಲ್ಲಿಯವರೆಗೆ ವೈರ್ ಎಳೆಯಲು ಮನೆ ಮಾಲೀಕರು ಬಿಡುವುದಿಲ್ಲ. ಮಳೆಗಾಲದಲ್ಲಿ ಹಾಗೆ ಎಳೆಯಲು ಎಲೆಕ್ಟ್ರಿಕಲ್ ಓದುವ ನಾನೂ ಒಪ್ಪುವುದಿಲ್ಲ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಪರಿಚಯದವರೊಬ್ಬರ ಎಲೆಕ್ಟ್ರಿಕ್ ಆಟೋ ಒಮ್ಮೆ ಕಂಟ್ರೋಲರ್ ಕೆಟ್ಟು ನಾಲ್ಕು ದಿನ ನಿಂತಿತ್ತು. ಪಾರ್ಟ್ ಬೇರೆ ಊರಿನಿಂದ ಬರಬೇಕಿತ್ತು. ‘ನಾಕ ದಿನ ಗಾಡಿ ನಿಂತ್ರ ಮನಿ ಹೆಂಗ ನಡೀಬೇಕ?’ ಎಂದು ಅಪ್ಪ ಕೇಳಿದರು. ಅವರ ಪೆಟ್ರೋಲ್ ಆಟೋ ಎಲ್ಲಿ ಕೆಟ್ಟರೂ ಅರ್ಧ ಕಿಲೋಮೀಟರಿನೊಳಗೆ ಒಬ್ಬ ಮೆಕ್ಯಾನಿಕ್ ಇರುತ್ತಾರೆ. ನಮ್ಮ ಗ್ಯಾರೇಜ್ ಮಾಮಾ ಎಂಜಿನ್ ಸದ್ದು ಕೇಳಿಯೇ ‘ಪ್ಲಗ್ ನೋಡ್ರಿ’ ಎನ್ನುವವರು. ಎಲೆಕ್ಟ್ರಿಕ್ ಗಾಡಿಯ ಬಗ್ಗೆ ಕೇಳಿದರೆ ‘ಅದು ಕಂಪ್ಯೂಟರ್ ಗಾಡಿ, ನಮಗ ತಿಳಿಯೂದಿಲ್ಲವಾ’ ಎಂದು ಕೈ ಒರೆಸಿಕೊಂಡರು.

ಆಗ ನನಗೆ ತಿಳಿದದ್ದು ಇಷ್ಟು. ನಾನು ಹೋಲಿಸಿದ್ದು ಎರಡು ಯಂತ್ರಗಳನ್ನು, ಅಪ್ಪ ಹೋಲಿಸಿದ್ದು ಎರಡು ವ್ಯವಸ್ಥೆಗಳನ್ನು. ಪೆಟ್ರೋಲ್ ಗಾಡಿ ಉತ್ತಮ ಯಂತ್ರ ಎಂಬ ಕಾರಣಕ್ಕೆ ಉಳಿದಿಲ್ಲ. ಅದರ ಸುತ್ತ ಹಲವು ದಶಕಗಳಲ್ಲಿ ಬಂಕು, ಗ್ಯಾರೇಜು, ಬಿಡಿಭಾಗದ ಅಂಗಡಿ, ಹಳೆ ಗಾಡಿಯ ಮಾರುಕಟ್ಟೆ ಎಲ್ಲ ಬೆಳೆದಿವೆ. 70 ಲಕ್ಷದ ಕಾರು ಕೊಳ್ಳುವವರಿಗೆ ಮನೆಯಲ್ಲೇ ಚಾರ್ಜರ್ ಇರುತ್ತದೆ, ಅದು ಕೆಟ್ಟರೆ ಇನ್ನೊಂದು ಕಾರಿರುತ್ತದೆ. ಆಟೋದವರಿಗೆ ಇರುವುದು ಒಂದೇ ಗಾಡಿ. ಹೊಸ ತಂತ್ರಜ್ಞಾನದ ರಿಸ್ಕನ್ನೆಲ್ಲ ಅವರ ತಲೆಗೆ ಕಟ್ಟಿ, ‘ಇವರು ಬದಲಾಗುವುದಿಲ್ಲ’ ಎನ್ನುವುದು ನ್ಯಾಯವಲ್ಲ.

ಹಾಗೆಂದು ಪೆಟ್ರೋಲೇ ಇರಲಿ ಎನ್ನುವ ಪೈಕಿ ನಾನಲ್ಲ. ನಮ್ಮ ರಾಜ್ಯಕ್ಕೆ ಇದು ಹೊಸದೂ ಅಲ್ಲ. ರೇವಾ ಎಲೆಕ್ಟ್ರಿಕ್ ಕಾರು 2001ರಲ್ಲೇ ಬೆಂಗಳೂರಿನಿಂದ ರಸ್ತೆಗಿಳಿಯಿತು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದದ್ದು ಕರ್ನಾಟಕ. ಬ್ಯಾಟರಿಯಿಂದ ಓಡುವ ಬಾಡಿಗೆ ವಾಹನಗಳಿಗೆ ಪರ್ಮಿಟ್ ಬೇಡ ಎಂದು ಕೇಂದ್ರ ಸರ್ಕಾರ 2018ರಲ್ಲೇ ವಿನಾಯಿತಿ ಕೊಟ್ಟಿದೆ. ಗಾಡಿ ಕೊಳ್ಳಿಸುವ ಕೆಲಸ ನಡೆದಿದೆ, ಕೊಂಡ ಮೇಲೆ ಅದನ್ನು ಓಡಿಸಿ ಬದುಕುವ ಅನುಕೂಲ ಆಗಬೇಕಿದೆ.

ಅದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ಆಟೋಕ್ಕೆ ಕಾರಿನಂಥ ದುಬಾರಿ ಫಾಸ್ಟ್ ಚಾರ್ಜರ್ ಬೇಡ. ಗೀಜರಿಗೆ ಹಾಕುವಂಥ 15 ಆಂಪ್ ಪ್ಲಗ್ ಸಾಕು. ಇವಿ ಚಾರ್ಜಿಂಗಿಗೆ ಪ್ರತ್ಯೇಕ ವಿದ್ಯುತ್ ದರದ ವರ್ಗವೂ ಇದೆ. ಮಹಾನಗರ ಪಾಲಿಕೆ ಮತ್ತು ಹೆಸ್ಕಾಂ ಸೇರಿ ದೊಡ್ಡ ಆಟೋ ಸ್ಟ್ಯಾಂಡುಗಳಲ್ಲಿ ಮೀಟರ್ ಇರುವ ಹತ್ತು ಹತ್ತು ಪ್ಲಗ್ ಹಾಕಿ, ಮೇಲೊಂದು ತಗಡಿನ ಶೆಡ್ ಕಟ್ಟಿದರೆ ಮಧ್ಯಾಹ್ನದ ಬಿಡುವಿನಲ್ಲೇ ಅರ್ಧ ದಿನದ ಚಾರ್ಜ್ ಆಗುತ್ತದೆ. ಆಗ ಅವ್ವನ ಝೀರೋ ಬಿಲ್ಲೂ ಉಳಿಯುತ್ತದೆ. ಇನ್ನು ಗಾಡಿ ಮಾರುವ ಕಂಪನಿಗಳು ರಿಪೇರಿ ತಡವಾದಷ್ಟು ದಿನ ಬದಲಿ ಗಾಡಿ ಕೊಡಬೇಕು. ವಾರಂಟಿ ಸಾಲದ ಕಂತಿಗಿಂತ ಮೊದಲೇ ಮುಗಿಯಬಾರದು.

ಉಳಿದದ್ದು ನಮ್ಮ ಪಾಲು. ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಮುಗಿಸಿ ಬೆಂಗಳೂರಿನ ರೈಲು ಹತ್ತುವ ನಮಗೆ ಇಲ್ಲೇ ಒಂದು ಕೆಲಸ ಕಾದಿದೆ ಎಂದು ನನಗೆ ಅನ್ನಿಸುತ್ತದೆ. ಬ್ಯಾಟರಿಯ ಆರೋಗ್ಯ ಪರೀಕ್ಷಿಸುವುದು, ಕಂಟ್ರೋಲರ್ ದೋಷ ಹುಡುಕುವುದು, ವೈರಿಂಗ್ ಸರಿಪಡಿಸುವುದು ನಾವು ಪರೀಕ್ಷೆಗೆ ಓದಿ ಮರೆಯುವ ಪಾಠಗಳೇ. ಗ್ಯಾರೇಜ್ ಮಾಮಾನ ಅನುಭವಕ್ಕೆ ನಮ್ಮ ಮಲ್ಟಿಮೀಟರ್ ಜೊತೆಯಾದರೆ ಇಬ್ಬರಿಗೂ ಅನ್ನ ಸಿಗುತ್ತದೆ. ನಮ್ಮ ಕಾಲೇಜುಗಳು ಪ್ರಾಜೆಕ್ಟಿಗೆಂದು ವರ್ಷವರ್ಷ ಹೊಸ ಗಾಡಿ ಕಟ್ಟಿಸುವ ಬದಲು, ಒಂದು ವರ್ಷ ಓಡುತ್ತಿರುವ ಎಲೆಕ್ಟ್ರಿಕ್ ಆಟೋಗಳ ರಿಪೇರಿಗೇ ನಮ್ಮನ್ನು ಕಳಿಸಿ ನೋಡಲಿ.

ಅಪ್ಪ ಸದ್ಯಕ್ಕೆ ಎಂಜಿನ್ ಕೆಲಸ ಮಾಡಿಸುತ್ತಿದ್ದಾರೆ. ‘ಇನ್ನೊಂದೆರಡು ವರ್ಷ ಇದ ಓಡಲಿ. ನೀ ಪಾಸಾಗಿ ಬಾ, ಆಮ್ಯಾಲೆ ನೋಡೂಣು’ ಎಂದಿದ್ದಾರೆ. ನನಗೆ ಸೋತೆ ಎನ್ನಿಸಲಿಲ್ಲ. ಈ ರಜೆಯಲ್ಲಿ ಬೆಳಗ್ಗೆ ಎರಡು ತಾಸು ಗ್ಯಾರೇಜಿಗೆ ಬರುತ್ತೇನೆ ಎಂದು ಮಾಮಾಗೆ ಹೇಳಿದ್ದೇನೆ. ನಕ್ಕರು, ಬೇಡ ಎನ್ನಲಿಲ್ಲ.